ಚಂದಾ ಕಟ್ಟೀನ್ರಿ, ಪೇಪರ್ ಎಲ್ಲಿ?

ರಾಜಕೀಯ ಪಕ್ಷ ಅಂದರೆ ಏನು ಎಂದು ನನಗೆ ಕಲಿಸಿದವರು ನಮ್ಮ ಪಕ್ಷದ ನಾಯಕರಲ್ಲ. ನಮ್ಮ ಬಾಡಿಗೆ ಸಾಲಿನ ಐದನೇ ರೂಮಿನಲ್ಲಿರುವ ಒಬ್ಬ ಹೆಂಗಸು. ಆಕೆ ಇದನ್ನು ಓದಿದರೆ, "ನಾ ಏನ್ ಕಲಿಸೀನ್ರಿ, ನನ್ನ ಪೇಪರ್ ಕೇಳಿದ್ದೆ ಅಷ್ಟ" ಎನ್ನುತ್ತಾಳೆ. ಎನ್ನಲಿ. ಉಪಕಾರ ನೆನೆಯುವುದಕ್ಕೆ ಆಕೆಯ ಒಪ್ಪಿಗೆ ಬೇಕಿಲ್ಲ.

ನಮ್ಮದು ಗರುಡಾಚಾರ್‌ಪಾಳ್ಯದ ಹಿಂದಿನ ಹಳೇ ಊರು. ನಮ್ಮ ತಾತ ರಾಗಿ ಬೆಳೆದ ನೆಲದಲ್ಲಿ ನಾವು ಬಾಡಿಗೆ ಬೆಳೆಯುತ್ತೇವೆ. ಒಂದೇ ಸಾಲಿಗೆ ಎಂಟು ರೂಮು, ಮೇಲೆ ಶೀಟು, ಕೊನೆಯಲ್ಲಿ ಎರಡು ಬಚ್ಚಲು, ಮುಂದೆ ಎಲ್ಲರಿಗೂ ಸೇರಿ ನೀರಿಗೆ ಒಂದು ಕರೀ ಟ್ಯಾಂಕು. ಅಲ್ಲಿರುವವರೆಲ್ಲ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಗಂಡಸರು ಸೆಂಟ್ರಿಂಗ್ ಕೆಲಸಕ್ಕೋ ಗಾರೆ ಕೆಲಸಕ್ಕೋ ಹೋಗುತ್ತಾರೆ, ಹೆಂಗಸರು ಸುತ್ತಲಿನ ಆಫೀಸುಗಳಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾರೆ. ಅವರ ಬಾಡಿಗೆಯಿಂದಲೂ ಕೆ.ಆರ್.ಪುರದಲ್ಲಿ ನಾನಿಟ್ಟಿರುವ ಎಲೆಕ್ಟ್ರಿಕಲ್ ಅಂಗಡಿಯಿಂದಲೂ ನಮ್ಮ ಸಂಸಾರ ನಡೆಯುತ್ತದೆ.

ನಾನು ಪಕ್ಷ ಸೇರಿದ್ದು ಸಿದ್ಧಾಂತಕ್ಕಲ್ಲ, ಸಿಟ್ಟಿಗೆ. ಚುನಾವಣೆ ಬಂದಾಗ ಮನೆಮನೆಗೂ ಕುಕ್ಕರ್ ಬರುತ್ತಿತ್ತು, ಆಮೇಲೆ ಐದು ವರ್ಷ ರಸ್ತೆಗೆ ಜಲ್ಲಿ ಬರುತ್ತಿರಲಿಲ್ಲ. ಈ ಕುಕ್ಕರಿಗೆ ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ಜನ ನನ್ನನ್ನೇ ತಲೆ ಕೆಟ್ಟವನ ಹಾಗೆ ನೋಡುತ್ತಿದ್ದರು. ಹಾಗೆ ಕೇಳುವ ನಾಲ್ಕು ಜನ ಇರುವ ಪಕ್ಷವೊಂದು ಇದೆ ಎಂದು ಗೊತ್ತಾಗಿ ಹೋಗಿ ಸೇರಿಕೊಂಡೆ. ತೀರಾ ಚಿಕ್ಕ ಪಕ್ಷ. ಬೋಂಡಾ ಇದ್ದ ಸಭೆಗೆ ಹನ್ನೆರಡು ಜನ ಬರುತ್ತಿದ್ದರು, ಬರೀ ಟೀ ಇದ್ದ ಸಭೆಗೆ ಏಳು. ನಿಂತ ಚುನಾವಣೆಯಲ್ಲೆಲ್ಲ ಠೇವಣಿ ಕಳೆದುಕೊಂಡು ನಮಗೆ ಅಭ್ಯಾಸವಾಗಿಬಿಟ್ಟಿತ್ತು.

ಆದರೂ ಆ ಸಲದ ವಿಧಾನಸಭೆ ಚುನಾವಣೆಗೆ ವರ್ಷವಿರುವಾಗಲೇ ನಮ್ಮಲ್ಲಿ ಹುರುಪು ಹುಟ್ಟಿತು. ಇಂದಿರಾನಗರದ ಒಬ್ಬ ನಿವೃತ್ತ ಮೇಷ್ಟ್ರು ಅಭ್ಯರ್ಥಿಯಾಗಲು ಒಪ್ಪಿದ್ದರು. ಒಳ್ಳೆಯ ಮನುಷ್ಯ, ಚೆನ್ನಾಗಿ ಮಾತಾಡುತ್ತಾರೆ. ಆದರೆ ಒಳ್ಳೆಯ ಮನುಷ್ಯನಿಗೂ ಮೈಕು ಬೇಕು, ಆಟೋ ಬೇಕು, ಕರಪತ್ರ ಬೇಕು. ನಮ್ಮ ಭಾಗದಲ್ಲಿ ಹಣ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಸುದ್ದಿ ಕೇಳಿ ಮೊದಲು ಅಂಗಡಿಗೆ ಬಂದವರು ನಮ್ಮ ಚಿಕ್ಕಪ್ಪ. ಅವರು ಲೇಔಟ್ ಮಾಡಿ ಮಾರುವವರು, ಕೈ ಧಾರಾಳ. ಕೌಂಟರಿನ ಮೇಲೆ ಒಂದು ಸ್ವೀಟ್ ಬಾಕ್ಸ್ ಇಟ್ಟು ಅದರ ಮೇಲೆ ಒಂದು ದಪ್ಪ ಕವರ್ ಇಟ್ಟರು.

"ಮೂರೂ ಪಾರ್ಟಿಗೂ ಕೊಡ್ತೀನಿ ಕಣೋ. ನೀನು ನಮ್ಮೋನು, ನಿಂಗೆ ಕೊಡ್ದೆ ಇದ್ರೆ ಚೆನ್ನಾಗಿರಲ್ಲ."

"ರಸೀದಿ ಯಾರ ಹೆಸರಿಗೆ ಬರೀಲಿ ಚಿಕ್ಕಪ್ಪ?" ಎಂದೆ.

"ರಸೀದಿನಾ?" ಅವರಿಗೆ ನಗು ಬಂತು. "ರಸೀದಿ ಬರ್ಕೊಡೋಕೆ ಇದೇನು ಕರೆಂಟ್ ಬಿಲ್ಲಾ? ಸುಮ್ನೆ ಇಟ್ಕೊ ಮಗಾ. ನಾಳೆ ಏನಾದ್ರೂ ಇದ್ರೆ ಒಂದು ಮಾತು ಹೇಳ್ತೀನಿ, ಆಗ ನೆನಪಿಟ್ಕೊ ಸಾಕು."

ನಾನು ಆ ಕವರನ್ನು ಮುಟ್ಟಲಿಲ್ಲ. ಹೆಸರಿಲ್ಲದ ದುಡ್ಡು ಪಕ್ಷಕ್ಕೆ ಬೇಡ ಎಂದೆ. ಅಷ್ಟಕ್ಕೆ ಬಿಡದೆ ಕೊಟ್ಟವನು ಯಜಮಾನ, ತೆಗೆದುಕೊಂಡವನು ಆಳು ಎಂದೆಲ್ಲ ಉದ್ದಕ್ಕೆ ಭಾಷಣ ಬಿಗಿದೆ. ವೈರ್ ಕೊಳ್ಳಲು ಬಂದಿದ್ದ ಗಿರಾಕಿ ಕೂಡ ನಿಂತು ಕೇಳಿದ. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಕವರನ್ನು ಜೇಬಿಗಿಟ್ಟುಕೊಂಡು, ಸ್ವೀಟ್ ಬಾಕ್ಸನ್ನೂ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ನನ್ನ ಪೌರುಷ ಹೇಳಿಕೊಳ್ಳಲು ಅವತ್ತೇ ಶಿವಾಜಿನಗರಕ್ಕೆ ಹೋದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಬಳೆ ಅಂಗಡಿಯ ಮಹಡಿ ಮೇಲೆ ನಮ್ಮ ಪಕ್ಷದ ಆಫೀಸು. ಅದರ ಕಾರ್ಯದರ್ಶಿಯನ್ನು ನಾವೆಲ್ಲ ಚಾಚಾ ಅನ್ನುತ್ತೇವೆ. ಅವರು ಆ ಗಲ್ಲಿಯಲ್ಲೇ ಪುಸ್ತಕಕ್ಕೆ ಬೈಂಡ್ ಹಾಕುತ್ತ ವಯಸ್ಸಾದವರು. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ಪಕ್ಷದ ಒಂದೊಂದು ಪೈಸೆಗೂ ರಸೀದಿ ಇರಬೇಕು ಎಂದು ಹಟ ಹಿಡಿಯುವವರು ಅವರೇ. ನನ್ನ ಕಥೆ ಕೇಳಿ ಬೆನ್ನು ತಟ್ಟಿದರು.

"ದೊಡ್ಡೋರ ಹತ್ರ ತಗೊಂಡ್ರೆ ದೊಡ್ಡೋರ ಮಾತು ಕೇಳ್ಬೇಕು. ನಕ್ಕೋ, ಬೇಡ. ಚಿಕ್ಕವರ ಹತ್ರ ಹೋಗಿ, ಐವತ್ತು ಐವತ್ತು ರೂಪಾಯಿ ತಗೊಳ್ಳಿ" ಎಂದು ಹೊಸ ರಸೀದಿ ಪುಸ್ತಕ ತೆಗೆದುಕೊಟ್ಟರು. ತಮಗೆ ಗೊತ್ತಿದ್ದ ಪ್ರೆಸ್ಸಿನಲ್ಲಿ ತಾವೇ ನಿಂತು ಅಚ್ಚು ಹಾಕಿಸಿದ್ದು. ಮೇಲೆ ದಪ್ಪ ಅಕ್ಷರದಲ್ಲಿ 'ಚಂದಾ ರಸೀದಿ' ಎಂದಿತ್ತು.

ನಮ್ಮೂರಿನಲ್ಲಿ ಮನೆಮನೆಯಿಂದ ಎತ್ತುವುದಕ್ಕೆ ವಂತಿಗೆ ಅನ್ನುತ್ತೇವೆ. ದೇವಸ್ಥಾನದ ಗೋಡೆ ಮೇಲೆ ಬರೆಸುವುದಾದರೆ ದೇಣಿಗೆ. "ದೇಣಿಗೆ ಅಂತ ಹಾಕಿಸ್ಬೇಕಿತ್ತಲ್ಲ ಚಾಚಾ" ಎಂದೆ.

"ಮಸೀದಿಗೂ ಚಂದಾ, ಮದ್ವೆಗೂ ಚಂದಾ, ಪಾರ್ಟಿಗೂ ಚಂದಾ. ಎಲ್ರಿಗೂ ಅರ್ಥ ಆಗುತ್ತೆ ಬಿಡಿ" ಎಂದರು. ನನಗೂ ಸರಿ ಅನ್ನಿಸಿ ಪುಸ್ತಕ ತಂದೆ.

ಚಿಕ್ಕವರು ಅಂದ ತಕ್ಷಣ ನನ್ನ ಕಣ್ಣಿಗೆ ಬಿದ್ದದ್ದು ನಮ್ಮದೇ ಬಾಡಿಗೆ ಸಾಲು. ತಿಂಗಳ ಮೊದಲ ಭಾನುವಾರ ನನ್ನ ಹೆಂಡತಿ ಬಾಡಿಗೆ ಎತ್ತಲು ಹೋಗುತ್ತಾಳೆ. ಆ ಭಾನುವಾರ ಅವಳ ಹಿಂದೆ ನಾನೂ ಹೊರಟೆ. ಒಂದೊಂದು ಬಾಗಿಲಲ್ಲೂ ಅವಳು ಬಾಡಿಗೆ ತೆಗೆದುಕೊಂಡ ಮೇಲೆ ನಾನು ಮುಂದೆ ಬಂದು, ನಮ್ಮದು ಜನರ ದುಡ್ಡಿನಿಂದ ನಡೆಯುವ ಪಕ್ಷ, ನಿಮ್ಮ ಕೈಲಾದ ಐವತ್ತು ರೂಪಾಯಿ ಕೊಡಿ ಎನ್ನುತ್ತಿದ್ದೆ. ಎಂಟು ರೂಮಿನವರೂ ಮರುಮಾತಿಲ್ಲದೆ ಕೊಟ್ಟರು. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಬಡವರಿಗಿರುವ ರಾಜಕೀಯ ಪ್ರಜ್ಞೆ ಉಳ್ಳವರಿಗಿಲ್ಲ ಎಂದು ದಾರಿಯುದ್ದಕ್ಕೂ ಹೆಂಡತಿಗೆ ಹೇಳಿಕೊಂಡು ಬಂದೆ. ಅವಳು ಮನೆ ಮುಟ್ಟುವವರೆಗೂ ಉತ್ತರ ಕೊಡಲಿಲ್ಲ.

ಐದನೇ ರೂಮಿನ ಆಕೆ ಮಾತ್ರ ರಸೀದಿಯನ್ನು ಎರಡೂ ಕಡೆ ತಿರುಗಿಸಿ ನಿಧಾನವಾಗಿ ಓದಿದ್ದಳು. ಯಾದಗಿರಿ ಕಡೆಯವಳು, ಏಳನೇ ತರಗತಿ ಓದಿದವಳು. ಒಂಬತ್ತು ವರ್ಷದಿಂದ ನಮ್ಮ ಬಾಡಿಗೆದಾರಳು.

"ಇದು ತಿಂಗಳದ್ದೇನ್ರಿ, ವರ್ಷದ್ದೇನ್ರಿ?" ಎಂದು ಕೇಳಿದಳು.

"ವರ್ಷಕ್ಕೊಂದ್ಸಲ ಸಾಕಮ್ಮ" ಎಂದೆ.

ಆಕೆ ತಲೆಯಾಡಿಸಿ ರಸೀದಿಯನ್ನು ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿದಳು.

ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಟ್ಯಾಂಕಿನ ನಲ್ಲಿ ಸೋರುತ್ತಿದೆ ಎಂದು ನೋಡಲು ಹೋಗಿದ್ದೆ. ಆಕೆ ಕೆಲಸಕ್ಕೆ ಹೊರಟವಳು ನಿಂತಳು.

"ಸರ್, ಚಂದಾ ಕಟ್ಟೀನ್ರಿ. ಪೇಪರ್ ಎಲ್ಲಿ?"

"ಯಾವ್ ಪೇಪರಮ್ಮ?"

"ಚಂದಾ ಕಟ್ಟಿದ್ ಪೇಪರ್ ರೀ. ತಿಂಗಳಾತು, ಒಂದೂ ಬಂದಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆಯ ಊರಿನ ಮಠದಿಂದ ತಿಂಗಳಿಗೊಂದು ಪತ್ರಿಕೆ ಬರುತ್ತಿತ್ತಂತೆ. ಆಕೆಯ ಅಪ್ಪ ಅದಕ್ಕೆ ವರ್ಷದ ಚಂದಾ ಕಟ್ಟುತ್ತಿದ್ದನಂತೆ. ಆ ರಸೀದಿಯ ಮೇಲೂ ಹೀಗೇ ದಪ್ಪ ಅಕ್ಷರದಲ್ಲಿ ಚಂದಾ ಎಂದು ಬರೆದಿರುತ್ತಿತ್ತಂತೆ. ಅದನ್ನು ಓದಿಯೇ ಆಕೆ ಓದು ಉಳಿಸಿಕೊಂಡಿದ್ದು. ಬೆಂಗಳೂರಿಗೆ ಬಂದ ಮೇಲೆ ಮನೆಗೆ ಬರುವ ಓದುವ ಕಾಗದ ಯಾವುದೂ ಇರಲಿಲ್ಲ. ನಮ್ಮ ಪಕ್ಷ ಒಂದು ಪೇಪರ್ ತರುತ್ತದೆ, ಅದಕ್ಕೆ ವರ್ಷಕ್ಕೆ ಐವತ್ತು ರೂಪಾಯಿ ಎಂದು ಆಕೆ ತಿಳಿದಿದ್ದಳು.

"ಇದು ಆ ಚಂದಾ ಅಲ್ಲಮ್ಮ. ಇದು ಪಾರ್ಟಿಗೆ ಕೊಡೋ ದುಡ್ಡು."

"ಪಾರ್ಟಿಗೆ ಕೊಡೋದಕ್ಕ ನಮ್ ಕಡಿ ಪಟ್ಟಿ ಅಂತಾರ್ರಿ. ಚಂದಾ ಅಂದ್ರ ಏನರ ಬರ್ಬೇಕಲ್ರಿ. ಹೋಗ್ಲಿ, ಪಾರ್ಟಿಗೆ ಕೊಟ್ರ ಪಾರ್ಟಿ ಏನ್ ಕೊಡ್ತದ್ರಿ?"

ನನಗೆ ರೇಗಿತು. "ಏನಾದ್ರೂ ಕೊಡೋಕೆ ಪಾರ್ಟಿ ಏನ್ ಅಂಗಡೀನಾ?" ಎಂದೆ.

"ಅಂಗಡ್ಯಾಗರ ಸಾಮಾನು ಕೊಡ್ತಾರ್ರಿ" ಎಂದು ಆಕೆ ಟಿಫನ್ ಬ್ಯಾಗ್ ಹೆಗಲಿಗೇರಿಸಿ ಬಸ್ಸಿಗೆ ನಡೆದಳು. ನಾನು ಸೋರುವ ನಲ್ಲಿ ಹಿಡಿದು ನಿಂತಿದ್ದೆ.

ಸಿಟ್ಟನ್ನೆಲ್ಲ ಕಟ್ಟಿಕೊಂಡು ಚಾಚಾ ಹತ್ತಿರ ಹೋದೆ. ನಿಮ್ಮ ಒಂದು ಪದದಿಂದ ನನಗೆ ಮರ್ಯಾದೆ ಹೋಯಿತು ಎಂದು ಕೂಗಾಡಿದೆ. ಚಾಚಾ ಮೊದಲು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟೋ ವರ್ಷದಿಂದ ಚಂದಾ ಎತ್ತಿದ್ದೀನಿ. ರಸೀದಿ ಕೊಟ್ರೆ ಮುಗೀತು ಅಂದ್ಕೊಂಡಿದ್ದೆ. ತಗೊಂಡು ಏನ್ ಮಾಡಿದ್ರಿ ಅಂತ ಇಷ್ಟು ವರ್ಷದಲ್ಲಿ ಒಬ್ರೂ ಕೇಳಿಲ್ಲ. ಈ ಹೆಣ್ಮಗಳು ಸರಿಯಾಗಿ ಕೇಳಿದ್ದಾಳೆ. ಪೇಪರ್ ಕೊಟ್ಬಿಡೋಣ."

"ಯಾವ ಪೇಪರ್?"

"ನಾವು ಮಾಡೋದು."

ಹಾಗೆ ಶುರುವಾಯಿತು. ಒಂದು ಹಾಳೆ, ಎರಡೂ ಕಡೆ ಬರಹ. ನಾನು ಕೈಯಲ್ಲಿ ಬರೆಯುವುದು, ಚಾಚಾ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸುವುದು. ಮುಂದಿನ ಪುಟದ ತಲೆಬರಹ 'ಈ ತಿಂಗಳು ಮಾಡಿದ್ದು'. ಹಿಂದಿನ ಪುಟದ್ದು 'ಮಾಡದೆ ಉಳಿದದ್ದು'. ಎರಡನೆಯದು ಚಾಚಾ ಹಟಕ್ಕೆ ಬಂದದ್ದು. ಮೊದಲ ಹಾಳೆ ಬರೆಯಲು ಕೂತಾಗ ನನಗೆ ಬೆವರಿಳಿಯಿತು. ಮುಂದಿನ ಪುಟ ನಾಲ್ಕು ಸಾಲಿಗೇ ಮುಗಿದುಹೋಗಿತ್ತು. ಒಂದು ಸಭೆ ಮಾಡಿದೆವು, ಬೋಂಡಾ ತಿಂದೆವು ಎಂದು ಎಷ್ಟು ಅಂತ ಬರೆಯುವುದು? ಹಿಂದಿನ ಪುಟ ಮಾತ್ರ ತುಂಬಿ ಅಂಚಿನಲ್ಲೂ ಬರೆಯಬೇಕಾಯಿತು. ಅಲ್ಲಿಯವರೆಗೂ ನಮ್ಮದು ಬಹಳ ಕೆಲಸ ಮಾಡುವ ಪಕ್ಷ ಎಂದು ನಾನು ನಂಬಿದ್ದೆ.

ಭಾನುವಾರ ಹಾಳೆ ತೆಗೆದುಕೊಂಡು ಹೋಗಿ ಆಕೆಯ ಕೈಗೆ ಕೊಟ್ಟೆ. ಆಕೆ ಬಾಗಿಲ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲಿದ್ದ ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು, ಗಟ್ಟಿಯಾಗಿ ಓದಿದಳು. ಅಕ್ಕಪಕ್ಕದ ರೂಮಿನವರು ಬಂದು ನಿಂತರು. ನನ್ನ ಒಂದು ಒತ್ತಕ್ಷರ ತಪ್ಪಿದ್ದನ್ನೂ ಎತ್ತಿ ತೋರಿಸಿದಳು. ಪೂರ್ತಿ ಓದಿ ಮುಗಿಸಿ, "ಹಿಂದಿನ ಮಗ್ಗಲ ಚಲೋ ಅದ್ರಿ" ಎಂದಳು. ನಾನು ಉಬ್ಬಿಹೋದೆ. ನೀವೆಲ್ಲ ಒಂದು ಮಾತೂ ಆಡದೆ ಪ್ರೀತಿಯಿಂದ ದುಡ್ಡು ಕೊಟ್ಟಿರಿ, ಅದಕ್ಕೇ ಈ ಪಕ್ಷ ನಿಮ್ಮದು ಎಂದು ಅಲ್ಲೇ ಒಂದು ಸಣ್ಣ ಭಾಷಣ ಮಾಡಿದೆ. ಯಾರೂ ನನ್ನ ಮುಖ ನೋಡಲಿಲ್ಲ.

ಉಳಿದವರು ಒಳಗೆ ಹೋದ ಮೇಲೆ ಆಕೆ ನನ್ನ ಹಿಂದೆ ಟ್ಯಾಂಕಿನವರೆಗೂ ಬಂದಳು.

"ಸರ್, ಒಂದ್ ಮಾತ್ ಹೇಳ್ತೀನಿ. ಸಿಟ್ಟಾಗಬ್ಯಾಡ್ರಿ."

"ಹೇಳಮ್ಮ."

"ಅಕ್ಕಾರು ಬಾಡಿಗಿ ಇಸ್ಗೊಂಡ್ರು. ಅದರ ಹಿಂದ ನೀವು ಬಂದು ಐವತ್ತು ಕೊಡ್ರಿ ಅಂದ್ರಿ. ಮನಿ ಓನರ್ ಕೇಳಿದ್ರ ಇಲ್ಲ ಅನ್ಲಿಕ್ಕ ಆಗ್ತದೇನ್ರಿ? ಮನಿ ಬಿಡು ಅಂದ್ರ ಎಲ್ಲಿಗ್ ಹೋಗೋದು? ಅವ್ರೆಲ್ಲ ಬಾಡಿಗಿನೇ ಹೆಚ್ಚಾತು ಅಂತ ತಿಳ್ಕೊಂಡಾರ. ಪ್ರೀತಿ ಗೀತಿ ಏನಿಲ್ರಿ."

ನನಗೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ತಟ್ಟೆ ಮುಂದೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ಚಿಕ್ಕಪ್ಪನಿಂದ ಹೆಸರಿಲ್ಲದ ದುಡ್ಡು ಬೇಡವೆಂದು ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಇಲ್ಲಿ ಹೆಸರು ಬರೆದು, ರಸೀದಿ ಹರಿದು, ಹೆದರಿಕೆಯನ್ನು ವಸೂಲಿ ಮಾಡಿಕೊಂಡು ಬಂದಿದ್ದೆ. ಚಿಕ್ಕಪ್ಪ ದುಡ್ಡು ಕೊಟ್ಟು ನನ್ನನ್ನು ಕೊಳ್ಳಲು ನೋಡಿದರು. ನಾನು ದುಡ್ಡನ್ನೂ ತೆಗೆದುಕೊಂಡು, ಕೊಟ್ಟವರ ಬಾಯನ್ನೂ ಮುಚ್ಚಿಸಿದ್ದೆ. ಇಬ್ಬರಲ್ಲಿ ಯಾರು ವಾಸಿ ಎಂದು ಕೇಳಿದರೆ ಈಗಲೂ ನಾನು ತಡವರಿಸುತ್ತೇನೆ. "ಅವತ್ತೇ ಹೇಳ್ಬೇಕು ಅನ್ಕೊಂಡೆ, ನಿಮ್ಮ ಸಂತೋಷ ನೋಡಿ ಸುಮ್ನಾದೆ" ಎಂದಳು ಹೆಂಡತಿ.

ಮಾರನೇ ದಿನವೇ ದುಡ್ಡು ಹಿಂತಿರುಗಿಸಲು ಹೋದೆ. ಅದಾದರೂ ಸುಲಭದ ಕೆಲಸ ಎಂದುಕೊಂಡಿದ್ದೆ. ಮೊದಲ ರೂಮಿನವನ ಕೈಗೆ ಐವತ್ತರ ನೋಟು ಇಟ್ಟೆ. ಅವನ ಮುಖ ಬಿಳುಚಿಕೊಂಡಿತು. ಒಳಗಿದ್ದ ಹೆಂಡತಿಯನ್ನು ಕರೆದ.

"ಏನ್ ತಪ್ಪಾತ್ರಿ ನಮ್ಮಿಂದ? ಮನಿ ಖಾಲಿ ಮಾಡ್ಬೇಕೇನ್ರಿ?" ಎಂದು ಆಕೆ ಬಾಗಿಲಲ್ಲೇ ಅಳಲು ಶುರು ಮಾಡಿದಳು.

ನಮ್ಮ ಕಡೆ ಮನೆ ಓನರ್ ಬಾಡಿಗೆದಾರನ ಕೈಗೆ ದುಡ್ಡು ಕೊಡುವುದು ಒಂದೇ ಸಂದರ್ಭದಲ್ಲಿ, ಅಡ್ವಾನ್ಸ್ ವಾಪಸ್ ಮಾಡುವಾಗ. ಅದು ನನಗೆ ಹೊಳೆದೇ ಇರಲಿಲ್ಲ. ಇಲ್ಲಮ್ಮ, ಹಾಗಲ್ಲ, ಇದು ಪಕ್ಷದ ವಿಷಯ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಮೂರನೇ ರೂಮಿನ ವಯಸ್ಸಾದ ಗಾರೆ ಕೆಲಸದವನು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಬೇಕಾದರೆ ತಿಂಗಳಿಗೆ ನೂರು ಹೆಚ್ಚಿಗೆ ತಗೊಳ್ಳಿ ಎಂದ. ಐದನೇ ರೂಮಿನ ಆಕೆ ಹೊರಗೆ ಬಂದು ಅವರ ಮಾತಿನಲ್ಲಿ ಬಿಡಿಸಿ ಹೇಳದಿದ್ದರೆ ಅವತ್ತು ನನ್ನ ಗತಿ ಏನಾಗುತ್ತಿತ್ತೋ ಗೊತ್ತಿಲ್ಲ. ಒಬ್ಬೊಬ್ಬರಾಗಿ ನೋಟು ಇಸಿದುಕೊಂಡರು. ಕೊನೆಗೆ ಆಕೆಯ ಮುಂದೆ ನಿಂತೆ.

"ನಂದ್ಯಾಕ್ ವಾಪಸ್ ಕೊಡ್ತೀರಿ? ನಾ ಕೊಟ್ಟಿದ್ದು ಪೇಪರಿಗೆ. ಪೇಪರ್ ಬಂತಲ್ರಿ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡಳು.

ಎಂಟು ಜನರಲ್ಲಿ ತಪ್ಪು ತಿಳಿದು ಕೊಟ್ಟವಳು ಆಕೆಯೊಬ್ಬಳು, ಸರಿಯಾಗಿ ಕೊಟ್ಟವಳೂ ಆಕೆಯೊಬ್ಬಳೇ. ಚಾಚಾ ಈ ಮಾತು ಕೇಳಿ ರಸೀದಿ ಪುಸ್ತಕದಲ್ಲಿ ಏಳನ್ನು ರದ್ದು ಮಾಡಿ, ಆಕೆಯದರ ಮುಂದೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದರು. "ಪಾರ್ಟಿಗೆ ಇವತ್ತು ಒಬ್ಬ ಮೆಂಬರ್ ಸಿಕ್ಕಿದ್ಳು" ಎಂದರು.

ಹಾಳೆ ತಿಂಗಳು ತಿಂಗಳು ಹೊರಬಂತು. ಓದಲು ಬೇರೆ ಬೀದಿಯವರೂ ಕೇಳತೊಡಗಿದರು. ನಾನು ಬಾಡಿಗೆದಾರರ ಹತ್ತಿರ ದುಡ್ಡು ಕೇಳುವುದನ್ನು ಪೂರಾ ಬಿಟ್ಟೆ. ಹಲಸೂರಿನ ತರಕಾರಿಯವರು, ಕೆ.ಆರ್.ಪುರದ ನನ್ನ ಪಕ್ಕದ ಅಂಗಡಿಯವರು, ನನ್ನ ಯಾವ ಹಂಗೂ ಇಲ್ಲದವರು, ಅಂಥವರ ಹತ್ತಿರ ಕೇಳಿದೆ. ಅರ್ಧಕ್ಕರ್ಧ ಜನ ಇಲ್ಲ ಹೋಗ್ರಿ ಎಂದರು. ಬೇರೆಯವರು ಇಲ್ಲ ಎಂದಾಗ ಸಂತೋಷಪಡುವುದನ್ನು ಆಗ ಕಲಿತೆ. ಇಲ್ಲ ಅನ್ನಬಲ್ಲವನು ಹೂಂ ಅಂದರೆ ಮಾತ್ರ ಅದು ಹೂಂ.

ಒಂದು ಭಾನುವಾರ ಆಕೆಗೆ ಹಾಳೆ ಕೊಡುತ್ತ, "ಚುನಾವಣೆ ಹತ್ರ ಬಂತಲ್ಲಮ್ಮ, ನಿನ್ನ ಓಟು ಯಾವ ಬೂತಲ್ಲಿದೆ?" ಎಂದು ಕೇಳಿದೆ.

"ನನ್ ಓಟು ಊರಾಗ ಅದ್ರಿ."

"ಒಂಬತ್ತು ವರ್ಷದಿಂದ ಇಲ್ಲಿದ್ದೀಯ, ಓಟು ಅಲ್ಲಿ?"

"ಊರ ಪಾರ್ಟಿಯವ್ರು ಬಸ್ ಕಳಸ್ತಾರ್ರಿ. ಹೋಗ್ಲಿಕ್ಕೂ ಅವ್ರದೇ, ಬರ್ಲಿಕ್ಕೂ ಅವ್ರದೇ, ನಡುವ ಊಟನೂ ಅವ್ರದೇ. ಬಸ್ ಹತ್ತಿದ್ ಮ್ಯಾಲ ಯಾರಿಗ್ ಹಾಕ್ಬೇಕಂತ ಅವ್ರೇ ಹೇಳ್ತಾರ. ಹತ್ತಿದ್ ಮ್ಯಾಲ ಏನ್ ಮಾಡೋದ್ರಿ?"

"ಇಲ್ಲಿಗೆ ವರ್ಗ ಮಾಡಿಸ್ಕೊಳ್ಳೋದಲ್ವಾ?"

"ಕೇಳಿದ್ದೆ ರೀ. ಇಲ್ಲಿ ಇರ್ತೀನಿ ಅನ್ಲಿಕ್ಕ ಏನರ ಕಾಗದ ಬೇಕಂತ. ನೀವು ಅಗ್ರಿಮೆಂಟ್ ಕೊಟ್ಟಿಲ್ಲಲ್ರಿ."

ನಿಜ, ಕೊಟ್ಟಿರಲಿಲ್ಲ. ನಮ್ಮ ಅಪ್ಪನ ಕಾಲದಿಂದಲೂ ನಮ್ಮ ಸಾಲಿನಲ್ಲಿ ಯಾರಿಗೂ ಕರಾರು ಬರೆದುಕೊಟ್ಟ ರೂಢಿಯಿಲ್ಲ. ಬರೆದುಕೊಟ್ಟರೆ ಬಿಡಿಸುವುದು ಕಷ್ಟ ಎಂದು ಅಪ್ಪ ಹೇಳುತ್ತಿದ್ದರು. ನಮ್ಮೂರಿನ ಎಲ್ಲ ಓನರುಗಳದ್ದೂ ಅದೇ ಮಾತು. ಮತದಾರರ ಪಟ್ಟಿ ಪರಿಶೀಲನೆಗೆ ಸರ್ಕಾರದ ಕಡೆಯವರು ಬಂದರೆ, ಇವರು ಇವತ್ತು ಇರ್ತಾರೆ ನಾಳೆ ಹೋಗ್ತಾರೆ ಎಂದು ಹೇಳಿ ಕಳಿಸುತ್ತಿದ್ದೆವು. ಒಂದು ಓಟಿನ ಬೆಲೆಯ ಬಗ್ಗೆ ನಾನು ಎಷ್ಟು ವೇದಿಕೆಗಳಲ್ಲಿ ಗಂಟಲು ಹರಿದುಕೊಂಡಿಲ್ಲ! ನನ್ನದೇ ಸಾಲಿನ ಓಟುಗಳನ್ನು ಕಿತ್ತಿಟ್ಟುಕೊಂಡವನು ನಾನೇ ಆಗಿದ್ದೆ. ಊರಿನ ಪಕ್ಷದವರ ಬಸ್ಸಿಗೆ ಜನರನ್ನು ಹತ್ತಿಸಿ ಕಳಿಸುತ್ತಿದ್ದದ್ದೂ ಒಂದು ಲೆಕ್ಕಕ್ಕೆ ನಾನೇ.

ಎಲ್ಲ ಎಂಟು ರೂಮಿಗೂ ಕರಾರು ಮಾಡಿಸುತ್ತೇನೆ ಎಂದಾಗ ಹೆಂಡತಿ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ರೀ, ನಿಮ್ಮ ಪಾರ್ಟಿಗೆ ಎಂಟು ಮನೆ ಓಟು ಬರ್ಲಿ ಅಂತ ನನ್ನ ಮನೆಗಳ್ನ ಬರ್ಕೊಡ್ತೀರಾ?"

"ಅವ್ರು ಯಾರಿಗೆ ಬೇಕಾದ್ರೂ ಹಾಕ್ಕೊಳ್ಲಿ ಕಣೆ."

"ಎದೆ ಮುಟ್ಕೊಂಡು ಹೇಳಿ."

ನಾನು ಮುಟ್ಟಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಆ ಓಟುಗಳು ನನ್ನ ಕಣ್ಣ ಮುಂದೆ ಕುಣಿಯುತ್ತಿದ್ದವು. ಮೂರನೇ ದಿನ ಅವಳೇ ಬಂದು, "ಲಿಂಗರಾಜಪುರದಲ್ಲಿ ನನ್ನ ತಂಗೀನ ಒಂದೇ ವಾರದಲ್ಲಿ ಮನೆ ಬಿಡಿಸಿದ್ರಲ್ಲ, ನೆನಪಿದ್ಯಾ? ಕೈಯಲ್ಲೊಂದು ಕಾಗದ ಇದ್ದಿದ್ರೆ ಅವ್ಳು ಆ ಪಾಡು ಪಡ್ತಿರ್ಲಿಲ್ಲ. ಮಾಡಿಸಿ" ಎಂದಳು. ಪಕ್ಷದ ಸಭೆಗೆ ಒಂದು ದಿನವೂ ಬಾರದ ನನ್ನ ಹೆಂಡತಿ ಪಕ್ಷಕ್ಕೆ ಮಾಡಿದ ಅತಿ ದೊಡ್ಡ ಕೆಲಸ ಅದು. ಅದನ್ನು ಅವಳಿಗೆ ಹೇಳಿದರೆ, ಪಕ್ಷಕ್ಕಲ್ಲ ತಂಗಿಗೆ ಎನ್ನುತ್ತಾಳೆ.

ಕೆ.ಆರ್.ಪುರದಲ್ಲಿ ಟೈಪ್ ಮಾಡಿಸಿ, ಸ್ಟ್ಯಾಂಪ್ ಕಾಗದದ ಮೇಲೆ ಹನ್ನೊಂದು ಹನ್ನೊಂದು ತಿಂಗಳಿಗೆ ಕರಾರು ಮಾಡಿಸಿದೆ. ಏಳು ಜನ ತೋರಿಸಿದ ಕಡೆ ಸಹಿ ಹಾಕಿದರು. ಐದನೇ ರೂಮಿನ ಆಕೆ ಪೂರ್ತಿ ಓದಿದಳು. 'ಮಾಲೀಕರು ಯಾವಾಗ ಬೇಕಾದರೂ ತೆರವು ಮಾಡಿಸಬಹುದು' ಎಂಬ ಸಾಲಿನ ಮೇಲೆ ಬೆರಳಿಟ್ಟು, "ಹಿಂಗಿದ್ರ ಇದ್ಯಾಕ ಬೇಕ್ರಿ?" ಎಂದಳು. ಎರಡು ತಿಂಗಳು ಮುಂಚೆ ತಿಳಿಸಬೇಕು ಎಂದು ತಿದ್ದಿಸಿದೆ. ಎಂಟನ್ನೂ ಮತ್ತೆ ಟೈಪ್ ಮಾಡಬೇಕಾಗಿ ಬಂದ ಟೈಪಿಸ್ಟ್ ನನ್ನನ್ನು ಬೈದುಕೊಂಡ. ಮತದಾರರ ಪಟ್ಟಿ ಹಿಡಿದು ಬಂದ ಅಂಗನವಾಡಿ ಟೀಚರ್ ಐದನೇ ರೂಮಿನಾಕೆಯನ್ನು ತೋರಿಸಿ ಇವರು ಇಲ್ಲೇ ಇರೋದಾ ಎಂದು ಕೇಳಿದಾಗ, ಒಂಬತ್ತು ವರ್ಷದಿಂದ ಇಲ್ಲೇ ಇದ್ದಾರೆ ಎಂದು ಮೊದಲ ಸಲ ಹೇಳಿದೆ. ಪಟ್ಟಿಯಲ್ಲಿ ತನ್ನ ಹೆಸರು ಬಂದ ದಿನ ಆಕೆ ಮೊಬೈಲಿನಲ್ಲಿ ಅದನ್ನು ತೋರಿಸಿ ನನಗೂ ಹೆಂಡತಿಗೂ ಶೇಂಗಾ ಉಂಡೆ ಕೊಟ್ಟಳು.

ಚುನಾವಣೆ ಬಂತು. ಮೇಷ್ಟ್ರು ಬಿಸಿಲಲ್ಲಿ ಬೀದಿ ಬೀದಿ ಅಲೆದರು. ಚಾಚಾ ಕೂಡ ನಮ್ಮ ಸಾಲಿಗೆ ಬಂದು ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು ಹೋದರು. ಕುಕ್ಕರುಗಳೂ ಎಂದಿನಂತೆ ಬಂದವು. ಎಣಿಕೆಯ ದಿನ ನಮ್ಮ ಠೇವಣಿ ಎಂದಿನಂತೆ ಹೋಯಿತು. ನನಗೆ ದುಃಖವೇನೂ ಆಗಲಿಲ್ಲ. ನಮ್ಮ ಬೂತಿನಲ್ಲಿ ನಮಗೆ ಬಿದ್ದ ಬೆರಳೆಣಿಕೆಯ ಓಟುಗಳಲ್ಲಿ ಐದನೇ ರೂಮಿನದ್ದಂತೂ ಒಂದು ಇದ್ದೇ ಇದೆ ಎಂದು ಸಮಾಧಾನ ಮಾಡಿಕೊಂಡೆ. ಆಕೆಯನ್ನು ಕೇಳುವುದು ತಪ್ಪು ಎಂದು ಕೇಳಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಹಾಳೆ ಕೊಡಲು ಹೋದಾಗ ಆಕೆಯೇ ಮಾತು ತೆಗೆದಳು.

"ಸರ್, ನಿಮಗ ಸುಳ್ಳು ಹೇಳ್ಬಾರ್ದು. ನಾ ಓಟು ನಿಮ್ ಪಾರ್ಟಿಗೆ ಹಾಕಿಲ್ರಿ."

"ನಾನೇನು ಕೇಳ್ಲಿಲ್ವಲ್ಲಮ್ಮ" ಎಂದೆ. ಆದರೂ ತಡೆಯಲಾಗದೆ, "ಯಾಕೆ?" ಎಂದೆ.

ಆಕೆ ಒಳಗೆ ಹೋಗಿ ಹಳೇ ಹಾಳೆಗಳ ಕಟ್ಟನ್ನೇ ತಂದಳು. ಕೊನೆಯ ಐದರ ಹಿಂದಿನ ಪುಟಗಳನ್ನು ತಿರುವಿ ತೋರಿಸಿದಳು. 'ಮಾಡದೆ ಉಳಿದದ್ದು: ಬಾಡಿಗೆ ಸಾಲುಗಳಿಗೆ ಕುಡಿಯುವ ನೀರಿನ ಸಂಪರ್ಕ ಕೇಳಿ ಅರ್ಜಿ ಕೊಡಬೇಕು.' ಐದು ತಿಂಗಳು, ಐದು ಹಾಳೆ, ನನ್ನದೇ ಕೈಬರಹ, ಅದೇ ಸಾಲು.

"ನಲ್ಲಿ ಹಾಕ್ಸಲಿಕ್ಕ ಗೆಲ್ಬೇಕು, ಒಪ್ತೀನ್ರಿ. ಅರ್ಜಿ ಕೊಡ್ಲಿಕ್ಕ ಗೆಲ್ಬೇಕೇನ್ರಿ?"

ಒಬ್ಬೊಬ್ಬರೇ ಹೋದರೆ ಬಾಗಿಲು ತೆರೆಯದ ಕಡೆ ಹತ್ತು ಜನ ಸೇರಿ ಹೋಗುವುದಕ್ಕೆ ತಾನೇ ಪಕ್ಷ ಎಂಬುದು ಇರುವುದು? ನಾವು ಆ ಬಾಗಿಲಿನವರೆಗೂ ಹೋಗಿರಲೇ ಇಲ್ಲ. ಬರೀ ಹೋಗಿಲ್ಲ ಎಂದು ಪ್ರಾಮಾಣಿಕವಾಗಿ ಬರೆದುಕೊಂಡಿದ್ದೆವು. ಸಿಟ್ಟೂ ಬಂತು. ಆದರೆ ಇನ್ನೊಂದು ವಿಷಯ ಹೊಳೆದು ಅದು ಅಲ್ಲೇ ನಿಂತಿತು. ವರ್ಷದ ಹಿಂದೆ ಐವತ್ತು ರೂಪಾಯಿ ವಾಪಸ್ ಕೊಟ್ಟರೆ ಅಳುತ್ತಿದ್ದ ಸಾಲು ಇದು.

"ಅಲ್ಲಮ್ಮ, ಇದ್ನ ಓನರ್ ಮುಖಕ್ಕೇ ಹೇಳ್ತಿದ್ದೀಯಲ್ಲ, ಹೆದ್ರಿಕೆ ಆಗ್ಲಿಲ್ವಾ?"

ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಯಾಕ್ ಹೆದರ್ಲಿ? ಅಗ್ರಿಮೆಂಟ್ ಅದಲ್ರಿ."

ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಹಾಳೆಗಳ ಕಟ್ಟಿನತ್ತ ಬಗ್ಗಿದೆ. ಅಷ್ಟರಲ್ಲಿ ಆಕೆ ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ತೆಗೆದು, "ವರ್ಷ ಮುಗೀತ್ರಿ, ಮುಂದಿನ ವರ್ಷದ ಚಂದಾ" ಎಂದು ನನ್ನ ಕೈಗಿಟ್ಟಳು. ನಾನು ಜೇಬಿನಿಂದ ಪುಸ್ತಕ ತೆಗೆದೆ. ಬರೆದು, ಸಹಿ ಹಾಕಿ, ಹರಿದು ಕೊಡುವವರೆಗೂ ಆಕೆ ಕೈ ಚಾಚಿಕೊಂಡು ನಿಂತೇ ಇದ್ದಳು.